ಲೆಕ್ಕ ಓದುವ ರೌಶನಕ್ಕ

ಬೆಳಗಿನ ಆರು ಗಂಟೆಗೆ ಮೂಡಿಗೆರೆಯ ಖಾಸಗಿ ಬಸ್ ನಿಲ್ದಾಣದಲ್ಲಿ ಬಸ್ಸಿನ ಬೋರ್ಡು ಕಾಣುವುದಿಲ್ಲ. ಮಂಜು ಅಷ್ಟು ದಟ್ಟ. ಎಂಜಿನ್ನಿನ ಸದ್ದು ಕೇಳುತ್ತದೆ, ಎರಡು ಹಳದಿ ದೀಪ ತೇಲಿ ಬರುತ್ತವೆ. ಯಾವ ಊರಿನ ಬಸ್ಸೋ ತಿಳಿಯದೆ ಜನ ಚೀಲ ಹಿಡಿದು ಅತ್ತಿತ್ತ ನೋಡುತ್ತಾರೆ. ಆಗ ಮೈಕಿನಲ್ಲಿ ಒಂದು ದನಿ ಏಳುತ್ತದೆ.

“ಕೊಟ್ಟಿಗೆಹಾರ, ಬಾಳೂರು, ಕಳಸ. ಕಳಸಕ್ಕೆ ಹೋಗುವವರು ಎಡಗಡೆ ನಿಂತಿರುವ ಬಸ್ ಹತ್ತಿ. ಅವಸರ ಬೇಡ, ಇನ್ನೂ ಐದು ನಿಮಿಷ ಇದೆ.”

ಸ್ವೆಟರ್ ತೊಟ್ಟ ಶಾಲೆಯ ಹುಡುಗಿಯರಿಬ್ಬರು ಒಬ್ಬರನ್ನೊಬ್ಬರು ತಿವಿದು ನಗುತ್ತಾರೆ. “ಲೆಕ್ಕದ ಆಂಟಿ ಕಣೇ!”

ಅವರು ಹೇಳುತ್ತಿರುವುದು ರೌಶನ್ ಬೀ ಅವರ ವಿಷಯ. ಹದಿಮೂರು ವರ್ಷದಿಂದ ಬಸ್ ಏಜೆಂಟರ ಪುಟ್ಟ ಕೋಣೆಯಲ್ಲಿ ಕೂತು ಊರಿಗೆಲ್ಲ ದಾರಿ ಹೇಳುತ್ತಿರುವವರು. ಈ ಜೂನ್‌ನಿಂದ ಅದೇ ದನಿ ತಾಲ್ಲೂಕಿನ ಹಲವು ಶಾಲೆಗಳ ಕಂಪ್ಯೂಟರಿನಲ್ಲಿ ಆರನೇ ತರಗತಿಯ ಗಣಿತವನ್ನೂ ಓದುತ್ತಿದೆ. ಮಕ್ಕಳಲ್ಲಿ ಹೆಚ್ಚಿನವರು ಅವರ ಮುಖ ನೋಡಿಲ್ಲ.

ರೌಶನ್ ಬೀ ಲಾರಿ ಡ್ರೈವರ್ ಒಬ್ಬರ ಮಗಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿತು, ಓದು ಅಲ್ಲಿಗೇ ನಿಂತಿತು. ಮದುವೆಯಾದದ್ದು ಜೀಪ್ ಮೆಕ್ಯಾನಿಕ್ ಜಾಹಿದ್ ಅವರನ್ನು. ಎಂಟು ವರ್ಷದ ಹಿಂದೆ ಜ್ಯಾಕ್ ಜಾರಿ ಜೀಪು ಜಾಹಿದ್ ಅವರ ಕಾಲಿನ ಮೇಲೆ ಕೂತಿತು. ಅಲ್ಲಿಂದೀಚೆಗೆ ಅವರಿಗೆ ಗ್ಯಾರೇಜಿನಲ್ಲಿ ಸಣ್ಣಪುಟ್ಟ ಕೆಲಸ ಮಾತ್ರ. ಮನೆ ನಡೆದದ್ದು ಹೆಚ್ಚಾಗಿ ರೌಶನ್ ಬೀ ಅವರ ಗಂಟಲಿನಿಂದ. ಶೀತವಾದರೂ ರಜೆ ಇಲ್ಲ. ಬಿಸಿನೀರು, ಕಾಳುಮೆಣಸು, ಮತ್ತೆ ಮೈಕು.

ಗಣಿತ ಅವರ ಬಳಿ ತಿರುಗಿ ಬಂದದ್ದು ಚನ್ನಕೇಶವ ಮೇಷ್ಟ್ರ ಮೂಲಕ. ಕೊಟ್ಟಿಗೆಹಾರದ ಕಡೆಯ ಶಾಲೆಯೊಂದಕ್ಕೆ ದಿನಾ ಇಲ್ಲಿಂದಲೇ ಬಸ್ ಹತ್ತುವ ಯುವಕ. ಆ ಶಾಲೆಗೂ ತಾಲ್ಲೂಕಿನ ಇನ್ನೂ ಹಲವು ಶಾಲೆಗಳಿಗೂ ಬೆಂಗಳೂರಿನ ಟ್ರಸ್ಟೊಂದು ‘ಲೆಕ್ಕದಂಗಳ’ ಎಂಬ ಆನ್‌ಲೈನ್ ಹೋಂವರ್ಕ್ ವ್ಯವಸ್ಥೆ ಕೊಟ್ಟಿತ್ತು. ಕ್ಲಾಸು ಮುಗಿದ ಮೇಲೆ ಮಕ್ಕಳು ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಬಿಡಿಸಬೇಕು. ಕಾಫಿ ಎಸ್ಟೇಟಿನ ಕೂಲಿ ಲೈನ್‌ಮನೆಗಳಿಂದ ಬರುವ ಎಷ್ಟೋ ಮಕ್ಕಳಿಗೆ ಲೆಕ್ಕ ಬರುತ್ತಿತ್ತು, ಪ್ರಶ್ನೆ ಓದಲು ಬರುತ್ತಿರಲಿಲ್ಲ. ಉತ್ತರ ತಪ್ಪಾಗುತ್ತಿತ್ತು, ಕರೆಂಟ್ ಹೋದರೆ ಮಾಡಿದ್ದೂ ಅಳಿಸಿಹೋಗುತ್ತಿತ್ತು.

ಟ್ರಸ್ಟು ಹೊಸ ಆವೃತ್ತಿ ಮಾಡಿತು. ಈಗ ಕರೆಂಟ್ ಹೋದರೂ ಅರ್ಧ ಮಾಡಿದ ಲೆಕ್ಕ ಹಾಗೇ ಉಳಿಯುತ್ತದೆ. ತಪ್ಪಿದರೆ ಒಂದು ಸುಳಿವು ಸಿಗುತ್ತದೆ, ಇನ್ನೊಮ್ಮೆ ಪ್ರಯತ್ನಿಸಬಹುದು. ಎಲ್ಲಕ್ಕಿಂತ ದೊಡ್ಡದು, ಪ್ರಶ್ನೆಯ ಪಕ್ಕದ ಸ್ಪೀಕರ್ ಗುಂಡಿ. ಒತ್ತಿದರೆ ಪ್ರಶ್ನೆ ಕನ್ನಡದಲ್ಲಿ ಕೇಳುತ್ತದೆ. ಮೊದಲು ಪ್ರಯೋಗಕ್ಕೆಂದು ಕಳಿಸಿದ ದನಿ ತುಂಬ ವೇಗದ್ದು. “ಆ ಅಕ್ಕ ಎಲ್ಲಿಗೆ ಓಡ್ತಾ ಇದಾರೆ ಸರ್?” ಎಂದು ಮಕ್ಕಳು ಕೇಳಿದರಂತೆ. ಮರುದಿನ ಮಂಜಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಮೇಷ್ಟ್ರು ಮೈಕಿನ ಕೋಣೆಯ ಬಾಗಿಲು ತಟ್ಟಿದರು.

“ನಂಗೆ ಲೆಕ್ಕಾನೇ ಬರಲ್ಲ ಮೇಷ್ಟ್ರೇ,” ಎಂದರು ರೌಶನ್ ಬೀ.

“ಮಾಡೋದು ಬೇಡ ರೌಶನಕ್ಕ, ಓದಿದ್ರೆ ಸಾಕು.”

ರೆಕಾರ್ಡಿಂಗ್ ನಡೆದದ್ದು ಜಾಹಿದ್ ಅವರ ಗ್ಯಾರೇಜಿನಲ್ಲಿ, ಗಾಜು ಏರಿಸಿದ ಜೀಪಿನೊಳಗೆ. ಊರಿನಲ್ಲಿ ಅಷ್ಟು ನಿಶ್ಶಬ್ದ ಜಾಗ ಬೇರೆ ಸಿಗಲಿಲ್ಲ. ಮೈಕ್ ಹಿಡಿದವರು ಜಾಹಿದ್. “ನಾನು ಕೆಮ್ಮಿದ್ರೆ ಸಾಕು, ಮಾರಾಯ್ತಿ ಕಣ್ಣಲ್ಲೇ ಸುಟ್ಟುಬಿಡ್ತಿದ್ಲು,” ಎಂದು ನಗುತ್ತಾರೆ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಎರಡನೇ ವಾರವೇ ಎಡವಟ್ಟು. ತೆರೆಯ ಮೇಲೆ ಮೂರಕ್ಕೆ ಕೂಡಬೇಕಾದದ್ದು ಬ್ರಾಕೆಟ್ಟಿನೊಳಗಿನ ನಾಲ್ಕೆರಡಲೆ ಎಂಟು, ಉತ್ತರ ಹನ್ನೊಂದು. ರೌಶನ್ ಬೀ ಓದುವಾಗ ಬ್ರಾಕೆಟ್ ಬಿಟ್ಟಿದ್ದರು, ನಾಲ್ಕರ ನಂತರ ಉಸಿರು ತೆಗೆದುಕೊಂಡಿದ್ದರು. ಕೇಳಿ ಮಾಡಿದ ಮಕ್ಕಳೆಲ್ಲ ಮೂರು ನಾಲ್ಕು ಏಳು, ಏಳೆರಡಲೆ ಹದಿನಾಲ್ಕು ಎಂದು ಬರೆದರು. ಅವರಲ್ಲಿ ಧನ್ಯಾ ಎಂಬ ಹುಡುಗಿಯೂ ಒಬ್ಬಳು. ಅಕ್ಷರ ಜೋಡಿಸಿ ಓದಲು ಒದ್ದಾಡುವ ಮಗು, ಕಣ್ಣು ಮುಚ್ಚಿ ಕೇಳಿಯೇ ಲೆಕ್ಕ ಮಾಡಲು ಕಲಿತಿದ್ದಳು. ಶನಿವಾರ ಅಮ್ಮನ ಜೊತೆ ಸಂತೆಗೆ ಬಂದವಳು ಮೈಕಿನಲ್ಲಿ ಅದೇ ದನಿ ಕೇಳಿ ನೇರ ಆ ಕೋಣೆಗೇ ಬಂದಳು.

“ನೀವು ಹೇಳಿದ್ದನ್ನೇ ಮಾಡ್ದೆ ಆಂಟಿ. ತಪ್ಪು ಅಂತ ಬಂತು.”

ಆ ಮಾತು ಹೇಳುವಾಗ ರೌಶನ್ ಬೀ ಅವರ ದನಿ ಇವತ್ತಿಗೂ ಇಳಿಯುತ್ತದೆ. “ನಾನು ಬಸ್ ತಪ್ಪು ಹೇಳಿದ್ರೆ ಕಳಸಕ್ಕೆ ಹೋಗೋರು ಚಿಕ್ಕಮಗಳೂರಲ್ಲಿ ಇಳೀತಾರೆ. ಹದಿಮೂರು ವರ್ಷದಲ್ಲಿ ಹಾಗಾಗಿಲ್ಲ. ಈ ಮಗೂನ ದಾರಿ ತಪ್ಪಿಸಿದ್ದೆ.”

ಅದೊಂದನ್ನು ತಿದ್ದಿದರೆ ಸಾಕು ಎಂದರು ಮೇಷ್ಟ್ರು. ಇವರು ಒಪ್ಪಲಿಲ್ಲ. ಅರ್ಥವಾಗದ್ದನ್ನು ಇನ್ನು ಓದುವುದಿಲ್ಲ ಎಂದು ಪಟ್ಟು ಹಿಡಿದರು. ಬಸ್ಸುಗಳ ನಡುವಿನ ಬಿಡುವಿನಲ್ಲಿ ಸ್ಲೇಟು ಹಿಡಿದು ಕೂತರು. ಭಾನುವಾರ ಮೇಷ್ಟ್ರು ಗ್ಯಾರೇಜಿಗೆ ಬಂದು ಹೇಳಿಕೊಟ್ಟರು. ಭಿನ್ನರಾಶಿ ಎರಡು ವಾರ ಕಣ್ಣೀರು ತರಿಸಿತು. ಒಮ್ಮೆ ಸ್ಲೇಟು ಬದಿಗೆ ತಳ್ಳಿ, “ಈ ವಯಸ್ಸಲ್ಲಿ ನಂಗ್ಯಾಕೆ ಬೇಕಿತ್ತು ಇದು?” ಎಂದರು. “ನಿಂಗಲ್ಲ, ಆ ಮಗೂಗೆ ಬೇಕಿತ್ತು,” ಎಂದರು ಜಾಹಿದ್. ಸ್ಲೇಟು ಮತ್ತೆ ಮಡಿಲಿಗೆ ಬಂತು.

ಮಳೆ ನಿಂತ ಸೆಪ್ಟೆಂಬರಿನಲ್ಲಿ ಇಡೀ ವರ್ಷದ ಪ್ರಶ್ನೆಗಳನ್ನು ಜೀಪಿನಲ್ಲಿ ಕೂತು ಮೊದಲಿನಿಂದ ಓದಿದರು. ಎಲ್ಲಿ ಬ್ರಾಕೆಟ್ಟೋ ಅಲ್ಲಿ ‘ಬ್ರಾಕೆಟ್’ ಎಂದೇ ಹೇಳಿ, ಅದು ಮುಗಿಯುವ ತನಕ ಒಂದೇ ಉಸಿರು. ಟ್ರಸ್ಟಿನವರು ಕೇಳಿ ಫೋನ್ ಮಾಡಿದರು. ಮುಂದಿನ ತರಗತಿಗಳಿಗೂ ಇದೇ ಓದು ಇರಲಿ ಎಂದರು.

ಇದನ್ನು ಬರೆಯುವ ಮುನ್ನ, ಕಳೆದ ವಾರ ಶಾಲೆಯ ಕಂಪ್ಯೂಟರ್ ಕೋಣೆಗೆ ನಾನೂ ಹೋಗಿದ್ದೆ. ಧನ್ಯಾ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ಕೂತಿದ್ದಳು. ಬೆರಳು ಗಾಳಿಯಲ್ಲಿ ಅಂಕಿ ಬರೆಯುತ್ತಿತ್ತು. ಆ ದಿನದ ಭಿನ್ನರಾಶಿ ಲೆಕ್ಕಗಳೆಲ್ಲ ಸರಿಯಾದವು. “ಮೊದ್ಲು ಆಂಟಿ ಬರೀ ಓದ್ತಿದ್ರು. ಈಗ ನಂಗೆ ಹೇಳ್ತಾರೆ,” ಎಂದಳು.

ಓದಿದವರು ಎಂದು ತೆರೆಯ ಮೇಲೆ ರೌಶನ್ ಬೀ ಅವರ ಹೆಸರು ಎಲ್ಲೂ ಇಲ್ಲ. ಬೇಸರವಿಲ್ಲವೇ ಎಂದು ಕೇಳಿದೆ. “ಮಕ್ಕಳಿಗೆ ಲೆಕ್ಕ ಬಂದ್ರೆ ಸಾಕಲ್ವಾ?” ಎಂದರು. ಏಳನೇ ತರಗತಿಯದ್ದನ್ನು ಓದುವ ಮೊದಲು ಅದನ್ನೂ ಪೂರ್ತಿ ಕಲಿಯಬೇಕು, ಅವರ ಆಸೆ ಅಷ್ಟೇ. ಅದಕ್ಕೆಂದು ‘ಲೆಕ್ಕದಂಗಳ’ದ ವಿದ್ಯಾರ್ಥಿಗಳ ಪಟ್ಟಿಗೆ ಅವರ ಹೆಸರನ್ನೂ ಮೇಷ್ಟ್ರು ಸೇರಿಸಿದ್ದಾರೆ. ಬಿಡುವಾದಾಗ ಪಕ್ಕದ ಸೈಬರ್ ಅಂಗಡಿಗೆ ಹೋಗಿ ಸದ್ಯಕ್ಕೆ ಆರನೇ ತರಗತಿಯದ್ದನ್ನೇ ಮತ್ತೆ ಬಿಡಿಸುತ್ತಾರೆ.

“ಪ್ರಶ್ನೆ ಕೇಳೋದೂ ನಾನೇ, ಉತ್ತರ ಕೊಡೋದೂ ನಾನೇ,” ಎಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾರೆ ರೌಶನ್ ಬೀ. “ನಿನ್ನೆ ಹತ್ತಕ್ಕೆ ಹತ್ತೂ ಸರಿ ಬಂತು ನೋಡಿ.”