ಮಗಳಿಗೆ ಕೂಗಲು ಕಲಿಸುವ ತೂರ್ದಿಸ್

ಫ್ಲೋರೊ ಬಂದರಿಗೆ ಇನ್ನೂ ಬೆಳಕು ಬಿದ್ದಿಲ್ಲ. ಕಟ್ಟೆಯ ಮೇಲಿನ ಹಳೇ ಮರದ ಗೋದಾಮಿನಲ್ಲಿ ತೂರ್ದಿಸ್ ಆಗಲೇ ಕೆಲಸಕ್ಕೆ ನಿಂತಿದ್ದಾರೆ. ಆಲೂಗಡ್ಡೆ ಹಿಟ್ಟಿನ ಉಂಡೆ ಲಟ್ಟಿಸಿ, ಉದ್ದನೆಯ ಕೋಲಿನಲ್ಲಿ ಎತ್ತಿ, ದೊಡ್ಡ ಹೆಂಚಿನ ಮೇಲೆ ಹಾಸುತ್ತಾರೆ. ದಿನಕ್ಕೆ ನಾನೂರು ಲೆಫ್ಸೆ, ಅಂದರೆ ತೆಳು ಆಲೂಗಡ್ಡೆ ರೊಟ್ಟಿ. ಅಷ್ಟರಲ್ಲಿ ಹಿಂದೆ ಉಣ್ಣೆಯ ಕಾಲುಚೀಲ ಹಾಕಿದ ಪುಟ್ಟ ಕಾಲೊಂದು ಹಲಗೆ ನೆಲವನ್ನು ತುಳಿಯುತ್ತದೆ. ತೂರ್ದಿಸ್ ತಟ್ಟನೆ ತಿರುಗುತ್ತಾರೆ.

ಐದು ವರ್ಷದ ಮಗಳು ಸುನ್ನಿವಾ. ಹಸಿವು ಎಂದು ಅಮ್ಮನಿಗೆ ಕೈಯಲ್ಲಿ ಹೇಳಿ, ಪಕ್ಕದ ಮೇಜಿನಲ್ಲಿ ಲಟ್ಟಿಸುತ್ತಿರುವ ಬೇಕರಿಯ ಒಡತಿಯ ಕಡೆಗೆ ಬಾಯಿ ತೆರೆಯುತ್ತಾಳೆ: "ಓಡ್ಲೇಗಜ್ಜೀ, ಬೆಣ್ಣೆ ಹಾಕು, ಸಕ್ಕರೆ ಜಾಸ್ತಿ ಹಾಕು!"

"ನಿಮ್ಮಮ್ಮ ಬೈದ್ರೆ?"

"ಅವಳು ಆ ಕಡೆ ತಿರುಗಿದಾಳೆ. ಬೇಗ ಬೇಗ!"

ತೂರ್ದಿಸ್‌ಗೆ ಹುಟ್ಟಿನಿಂದ ಕಿವಿ ಕೇಳದು. ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುವ ಗಂಡ ಐವಿಂದ್‌ಗೂ ಅಷ್ಟೆ. ಮಗುವಿಗೆ ಚೆನ್ನಾಗಿ ಕೇಳಿಸುತ್ತದೆ ಎಂದು ದಾದಿ ಬರೆದು ತೋರಿಸಿದ ದಿನ ತೂರ್ದಿಸ್ ಅತ್ತರಂತೆ. "ಖುಷಿಗಲ್ಲ, ಗಾಬರಿಗೆ," ಎನ್ನುತ್ತವೆ ಅವರ ಹಿಟ್ಟು ಮೆತ್ತಿದ ಕೈಗಳು. "ಇವಳಿಗೆ ಬಾಯ್ಮಾತು ಯಾರು ಕೊಡ್ತಾರೆ? ಓಡ್ಲೇಗಮ್ಮನ್ನ ಕೇಳ್ದೆ. ಕೈ ನಂದು, ಬಾಯಿ ನಿಮ್ದು ಅಂತ."

ಬೇಕರಿಯ ಒಡತಿ ಓಡ್ಲೇಗ್‌ಗೆ ಅಷ್ಟೇ ಸಾಕಿತ್ತು. ಮಗು ತೊಟ್ಟಿಲಲ್ಲಿದ್ದಾಗಿನಿಂದ ಹರಟೆ, ಹಾಡು, ಊರವರ ಮೇಲಿನ ಚಾಡಿ ಎಲ್ಲ ಅದರ ಕಿವಿಗೆ ಸುರಿದಿದ್ದಾರೆ. ಸುನ್ನಿವಾಗೆ ಕೈಮಾತು, ಬಾಯ್ಮಾತು ಎರಡೂ ಬಂದವು. ಎಲ್ಲ ಸರಿಯಾಗಿದೆ ಎಂದೇ ಎಲ್ಲರೂ ಅಂದುಕೊಂಡಿದ್ದರು.

ಕಳೆದ ಶರತ್ಕಾಲದಲ್ಲಿ ಒಂದು ಬೆಳಗ್ಗೆ ಹುಡುಗಿ ಬೆಣ್ಣೆಯ ಶೀತಕೋಣೆಗೆ ನುಸುಳಿದಳು. ಹಿಂದೆ ಬಾಗಿಲು ಮುಚ್ಚಿಕೊಂಡಿತು, ಒಳಗಿನ ಹಿಡಿ ಸಿಕ್ಕಿಕೊಂಡಿತು. ಓಡ್ಲೇಗ್ ಅದೇ ಬಾಗಿಲಿಗೆ ಬೆನ್ನು ಹಾಕಿ ಲಟ್ಟಿಸುತ್ತಿದ್ದರು. ಒಂದು ಚೂರೂ ಕೇಳಿಸಲಿಲ್ಲ. ಆ ತುದಿಯಲ್ಲಿ ಹೆಂಚಿನ ಮುಂದಿದ್ದ ತೂರ್ದಿಸ್ ಅಂಗಾಲಿನಡಿ ಹಲಗೆ ಅದುರಿತು. ಓಡಿ ಬಂದು ಬಾಗಿಲು ಎಳೆದರೆ, ಮಗಳು ತುಟಿ ನೀಲಿಯಾಗಿ, ಕಣ್ಣೀರು ಸುರಿಸುತ್ತಾ, ಬಾಯಿಂದ ಸದ್ದೇ ಇಲ್ಲದೆ ನೆಲ ತುಳಿಯುತ್ತಾ ನಿಂತಿದ್ದಾಳೆ.

"ಒಂದು ಕೂಗು ಹಾಕಬಾರ್ದಿತ್ತೇನೇ? ನಾನು ಇಲ್ಲೇ ಇದ್ನಲ್ಲೇ!" ಓಡ್ಲೇಗ್ ಕುಸಿದು ಕೂತರು.

"ಕೂಗಿದ್ರೆ ಅಮ್ಮಂಗೆ ಕೇಳಲ್ವಲ್ಲ," ಎಂದಳು ಸುನ್ನಿವಾ.

ಎಲ್ಲರೂ ದಂಗಾದರು. ಇಷ್ಟು ವಟಗುಟ್ಟುವ ಹುಡುಗಿಗೆ ಪ್ರಾಣಭಯದಲ್ಲಿ ಬಾಯಿ ಇದೆ ಎಂಬುದೇ ನೆನಪಾಗಿರಲಿಲ್ಲ. ಐವಿಂದ್‌ರ ಅಕ್ಕ ಗುನ್ವೋರ್ ಬಂದು ಕೈಮಾತಿನಲ್ಲೇ ಬೈದರು: "ಕಿವಿ ಇರೋ ಮಗೂನ ಕಿವುಡಿ ಮಾಡಿಟ್ಯಲ್ಲೇ! ನಿಲ್ಸು ಈ ಕೈಯಾಟ."

ತೂರ್ದಿಸ್ ನಿಲ್ಲಿಸಿಯೂಬಿಟ್ಟರು. ಎರಡೂ ಕೈ ಏಪ್ರನ್ನಿನ ಜೇಬಿಗೆ. ಮಗಳು ಹಿಂದೆ ನಿಂತು ನೆಲ ತುಳಿದಳು, ಮತ್ತೆ ತುಳಿದಳು. "ಗೊತ್ತಾಗ್ತಿತ್ತು ಕಾಲಿಗೆ. ತಿರುಗ್ಲಿಲ್ಲ ನಾನು." ಈಗ ಹಾಗೆನ್ನುತ್ತವೆ ತೂರ್ದಿಸ್ ಕೈಗಳು. ಸ್ವಲ್ಪ ದಿನದಲ್ಲಿ ಸುನ್ನಿವಾ ಓಡ್ಲೇಗಜ್ಜಿಯೊಡನೆಯೂ ಮಾತು ಬಿಟ್ಟಳು.

ಓಡ್ಲೇಗ್ ತಡೆಯಲಾರದೆ ಆ ಜೇಬಿನಿಂದ ಎರಡೂ ಕೈ ಹೊರಗೆಳೆದರು. ತಮ್ಮ ಮುರುಕು ಕೈಮಾತಿನಲ್ಲಿ ಗದರಿದರು: "ಏ ಹುಚ್ಚಿ, ನಾನು ಪಕ್ಕದಲ್ಲಿದ್ದೂ ಏನು ಮಾಡ್ದೆ? ಇವಳ್ನ ಉಳಿಸಿದ್ದೇ ಆ ಕಾಲು. ಅದನ್ನ ಯಾಕೆ ಕಿತ್ಕೋತೀಯ? ಕೂಗೋದು ಬರಲ್ಲ, ಅದನ್ನ ಕಲಿಸೋಣ."

ಹಾಗೆ ಶುರುವಾದ ಪಾಠ ಕೆಲಸ ಮುಗಿದ ಮೇಲೆ ಕಟ್ಟೆಯ ತುದಿಯಲ್ಲಿ ಇಂದೂ ನಡೆಯುತ್ತಿದೆ. ತೂರ್ದಿಸ್ ಮಗಳ ಬೆನ್ನಿಗೆ ಅಂಗೈ ಒತ್ತಿ ನಿಲ್ಲುತ್ತಾರೆ. ಸುನ್ನಿವಾ ಮೆಲ್ಲಗೆ "ಅಮ್ಮಾ" ಎನ್ನುತ್ತಾಳೆ. ಅಂಗೈಗೆ ಏನೂ ತಾಗುವುದಿಲ್ಲ; ತಾಯಿ ಇಲ್ಲವೆಂದು ತಲೆಯಾಡಿಸುತ್ತಾರೆ.

"ನನ್ನ ಕರೀಬೇಡ," ಎನ್ನುತ್ತವೆ ಕೈಗಳು. "ಕೇಳೋರನ್ನ ಕರಿ."

ಹುಡುಗಿ ಎದೆ ತುಂಬ ಗಾಳಿ ಎಳೆಯುತ್ತಾಳೆ. "ಯಾರಾದ್ರೂ ಬನ್ನೀ!" ಈ ಸಲ ತಾಯಿಯ ಅಂಗೈಗೆ ಕೂಗಿನ ಅದುರು ತಾಗುತ್ತದೆ.

ದೋಣಿಯಲ್ಲಿ ಬಲೆ ಬಿಡಿಸುತ್ತಿದ್ದವನು ಬೆಚ್ಚಿ ಎದ್ದು ನಿಲ್ಲುತ್ತಾನೆ. "ಏನಾಯ್ತು?"

"ಏನಿಲ್ಲ ಮಾರಾಯ, ಪಾಠ!" ಓಡ್ಲೇಗ್ ನಗುತ್ತಾರೆ.

ತೂರ್ದಿಸ್ ಇನ್ನೂ ಆ ದೋಣಿಯವನನ್ನೇ ನೋಡುತ್ತಿದ್ದಾರೆ. ಅಂಗೈಯನ್ನು ಮಗಳ ಬೆನ್ನಿಂದ ತೆಗೆದು, ಅದರತ್ತ ಒಮ್ಮೆ ನೋಡಿ, ಆಮೇಲೆ ಕೈಯಲ್ಲಿ ಮಾತಾಡುತ್ತಾರೆ. "ಎದ್ದು ನಿಂತ, ನೋಡಿದ್ರಾ? ನಾನು ಹತ್ರ ಇಲ್ದಿದ್ರೂ ಯಾರೋ ಒಬ್ರು ಎದ್ದು ಬರ್ತಾರೆ. ನಂಗೆ ಅಷ್ಟು ಸಾಕು. ನನ್ನ ಕರೆಯೋಕೆ ಅವಳ ಕಾಲಿದೆ."