ನೋಡಿದವರ ಪಟ್ಟಿಯಲ್ಲಿ ಶಾರದ

ಅಮರಾಪುರದಲ್ಲಿ ಬೆಳಗಿನ ಬಸ್ಸು ಹತ್ತುವಾಗ ನನಗೆ ಶಾರದಳ ಮೇಲೆ ಉರಿಯುವ ಕೋಪವಿತ್ತು. ರಾಯದುರ್ಗಕ್ಕೆ ಹೋಗಿ ಅವಳನ್ನು ಒಂದೇ ಮಾತು ಕೇಳಿ ಬರಬೇಕೆಂದು ಹೊರಟಿದ್ದೆ: ನಮ್ಮಪ್ಪ ತೀರಿಕೊಂಡಾಗ ಒಂದು ಫೋನ್ ಮಾಡೋಕೆ ಏನಾಗಿತ್ತು ನಿನಗೆ? ಹಾರ ಹಾಕಿದ ಅಪ್ಪನ ಫೋಟೋವನ್ನು ಸ್ಟೇಟಸ್‌ಗೆ ಹಾಕಿದ್ದೆ. ನೋಡಿದವರ ಪಟ್ಟಿಯಲ್ಲಿ ಮೊದಲ ಹೆಸರೇ ಅವಳದು. ನೋಡಿದ್ದಾಳಲ್ಲ, ಅವಳೇ ಮಾಡಲಿ ಎಂದು ಕಾದೆ. ವರ್ಷ ಕಳೆಯಿತು.

ನಾವಿಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು. ಮದುವೆಗೆ ಮುಂಚೆ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಅಕ್ಕಪಕ್ಕ ಕೂತು ಕಾಲರ್ ಹೊಲಿದೆವು. ಅಪ್ಪ ಊರಿಂದ ಬಂದರೆ ಹುರಿದ ಕಡಲೆಕಾಯಿ ಇಬ್ಬರಿಗೂ ಸಮಪಾಲು; ಅವಳು ಅವರನ್ನು ಅಪ್ಪಯ್ಯ ಅನ್ನುತ್ತಿದ್ದಳು. ರಾತ್ರಿ ಲೈಟು ಆರಿಸಿದರೂ ನಮ್ಮ ಮಾತು ಆರುತ್ತಿರಲಿಲ್ಲ. ಅವಳನ್ನು ರಾಯದುರ್ಗಕ್ಕೆ ಕೊಟ್ಟರು, ಅವಳ ತವರಿನವರೂ ಊರು ಬಿಟ್ಟರು. ಆಮೇಲೂ ವಾರಕ್ಕೊಮ್ಮೆ ಫೋನಿತ್ತು. ಸ್ಟೇಟಸ್ ಬಂದ ಮೇಲೆ ಅದೂ ನಿಂತಿತು. ಎಲ್ಲ ಅಲ್ಲೇ ನೋಡುತ್ತಾಳೆ, ಇನ್ನು ಹೇಳುವುದೇನು ಅಂದುಕೊಂಡೆ.

ಮಡಕಶಿರಾದಲ್ಲಿ ಬಸ್ಸು ಬದಲಿಸಿದೆ. ಕಂಡಕ್ಟರ್ "ಎಕ್ಕಡಿಕಮ್ಮಾ?" ಎಂದು ತೆಲುಗಿನಲ್ಲಿ ಊರು ಕೇಳಿ, ಆಧಾರ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸೀಟು ಸಿಗುವುದೇ ಪುಣ್ಯ. ಕಲ್ಯಾಣದುರ್ಗದವರೆಗೂ ನಿಂತೇ ಹೋದೆ. ಅಲ್ಲಿ ಮಂಡಕ್ಕಿಯ ಉಗ್ಗಾನಿ, ಬಜ್ಜಿ ತಿಂದೆ. ಖಾರ ನೆತ್ತಿಗೇರಿ ನನ್ನ ಕೋಪಕ್ಕೆ ಒಳ್ಳೆ ಜೊತೆಯಾಯಿತು. ಮುಂದಿನ ಬಸ್ಸಿನಲ್ಲಿ ಪಕ್ಕ ಕೂತವಳು ಬೆಳುಗುಪ್ಪದವಳು.

"ಏನ್ ಕಾರ್ಯ ಐತ್ರಿ ರಾಯದುರ್ಗದಾಗ?"

"ಗೆಳತಿ ಹತ್ರ ಮಾತಾಡಬೇಕಿತ್ತು."

"ಮಾತಾಡಾಕ ಇಷ್ಟು ದೂರ ಬಂದ್ರೇನು! ಯಾಕ, ಫೋನ್ ಇಲ್ಲೇನ್ರಿ?" ಎಂದು ನಕ್ಕಳು. ನಾನು ಕಿಟಕಿಯ ಕಡೆ ತಿರುಗಿದೆ.

ರಾಯದುರ್ಗ ತಲುಪಿದಾಗ ಬಿಸಿಲು ಬೆಟ್ಟದ ಬಂಡೆಗಳನ್ನು ಕಾಯಿಸುತ್ತಿತ್ತು. ಶಾರದಳ ಓಣಿಯಲ್ಲಿ ಮನೆಮನೆಯಿಂದಲೂ ಜೀನ್ಸ್ ಹೊಲಿಯುವ ಮಿಷನ್ನಿನ ಸದ್ದು. ಅವಳ ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಫೋನಿನ ಮೇಲೆ ಹೆಬ್ಬೆರಳು ಸರಿಸುತ್ತ ಕೂತಿದ್ದಳು. ನನ್ನನ್ನು ಕಂಡವಳೇ ಬಾಯಿ ತುಂಬ ನಕ್ಕಳು.

"ನೀ ಹಳದಿ ಸೀರಿಯಾಕಿ ಅಲ್ಲೇನ? ಕುರಿಮರಿ ಎತ್ಕಂಡು ನಿಂತಿದ್ದಿ! ಶಾರದಾ, ನಿನ್ನ ಫೋನಿನಾಕಿ ಬಂದಾಳ ನೋಡಬೇ!"

ಅದು ಶಾರದಳ ಅತ್ತೆ. ಶಾರದ ತಲೆಯಲ್ಲಿ ನೀಲಿ ನೂಲಿನ ಹುಡಿ ಅಂಟಿಸಿಕೊಂಡೇ ಓಡಿಬಂದು ತಬ್ಬಿಕೊಂಡಳು. ನೀರು ಕೊಟ್ಟು, ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು: "ಅಪ್ಪಯ್ಯ ಹೆಂಗದಾರ? ನನಗ ಶೇಂಗಾ ಕಳ್ಸಿಲ್ಲೇನು?"

ನೀರಿನ ಲೋಟ ಕೆಳಗಿಟ್ಟೆ. "ನೀನು ಸ್ಟೇಟಸ್ ನೋಡಿದ್ದೆಯಲ್ಲೇ" ಅಂದೆ.

"ನಾ ಎಲ್ಲಿ ನೋಡ್ಲಿ? ಮಿಷನ್ ಮುಂದ ಕುಂತ್ರ ಫೋನು ಅತ್ತಿ ಕೈಯಾಗ. ಆಕಿಗೆ ಓದಾಕ ಬರಂಗಿಲ್ಲ, ಬರೇ ಬೊಂಬಿ ನೋಡ್ತಾಳ."

ಕಟ್ಟೆಯಿಂದ ಅತ್ತೆಯ ದನಿ ಬಂತು: "ಹಾರ ಹಾಕಿದ್ದ ಹಿರೇರು ಒಬ್ರು ಬಂದಿದ್ರು ಇದರಾಗ. ಯಾರೋ ಏನೋ, ಕೈ ಮುಗ್ದೆ."

ಶಾರದ ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು. ರಾಯದುರ್ಗದ ಮಾತು ಬಿಟ್ಟು ನಮ್ಮೂರ ಮಾತೇ ಬಾಯಿಗೆ ಬಂತು: "ಅಪ್ಪಯ್ಯ ಓಗ್ಬಿಟ್ರಾ? ನಂಗೊಂದು ಫೋನ್ ಮಾಡಕ್ಕೆ ಏನಾಗಿತ್ತೇ ನಿಂಗೆ?"

ನಾನು ಕೇಳಲು ಬಂದ ಮಾತನ್ನು ಅವಳೇ ಕೇಳಿದಳು.

ಅವಳು ಆ ದಿನ ಮತ್ತೆ ಮಿಷನ್ ಮುಟ್ಟಲಿಲ್ಲ. ಅಪ್ಪ ಯಾವಾಗ ಮಲಗಿದರು, ಕೊನೆಗೆ ಏನು ಕೇಳಿ ಕುಡಿದರು, ಮಣ್ಣಿಗೆ ಯಾರ್‍ಯಾರು ಬಂದಿದ್ದರು, ಎಲ್ಲ ಬಿಡಿಸಿ ಬಿಡಿಸಿ ಕೇಳಿದಳು. ಅಪ್ಪ ಹೋದಾಗ ನನ್ನ ಫೋನಿನಲ್ಲಿ ಕೈಮುಗಿದ ಚಿತ್ರಗಳ ರಾಶಿಯೇ ಬಿದ್ದಿತ್ತು. ಹೀಗೆ ಎದುರು ಕೂತು ಕೇಳುವವರಿಗಾಗಿ ನಾನು ಎಷ್ಟು ಹಂಬಲಿಸಿದ್ದೆ ಎಂದು ಅಂದೇ ಗೊತ್ತಾಯಿತು.

ಸಂಜೆ ಬಸ್ ಸ್ಟ್ಯಾಂಡಿಗೆ ಬಂದಳು. ಬಸ್ಸು ಹೊರಟಾಗ ಕಿಟಕಿಯ ಸರಳು ಹಿಡಿದು ಜೊತೆಗೆ ನಡೆಯುತ್ತಲೇ ಕೇಳಿದಳು: "ಅಪ್ಪಯ್ಯ ನನ್ನ ಕೇಳ್ತಿದ್ರಾ?"

"ದಿನಾ ಕೇಳೋರು!" ಎಂದು ಕೂಗಿದೆ. ಕೇಳಿಸಿತೋ ಇಲ್ಲವೋ, ಅವಳು ಹಿಂದೆ ಉಳಿದಳು.

ನಿಜವಾಗಿಯೂ ಕೇಳುತ್ತಿದ್ದರು. ನಾನು ಫೋನ್ ತೆಗೆದು, ನೋಡಿದವರಲ್ಲಿ ಅವಳ ಹೆಸರು ಹುಡುಕಿ, "ಚೆನ್ನಾಗವಳೆ ಕಣಪ್ಪಾ" ಅನ್ನುತ್ತಿದ್ದೆ.