ಅಕ್ಕ ತಡೆದ ಪೆನಾಲ್ಟಿ

ಡ್ರೈವಿಂಗ್ ಶಾಲೆಯ ಮೇಷ್ಟ್ರಿಗೆ ಫುಟ್‌ಬಾಲಿನ ಬಗ್ಗೆ ಗೊತ್ತಿದ್ದದ್ದು ಒಂದೇ ಸಂಗತಿ: ಚೆಂಡು ಬಂದು ಬಡಿದರೆ ಕಾರಿನ ಗಾಜು ಒಡೆಯುತ್ತದೆ. ಇಂಥವರು ವರ್ಷಗಟ್ಟಲೆ ಊರಿನ ಹುಡುಗಿಯರ ತಂಡಕ್ಕೆ ಕೋಚ್ ಆಗಿದ್ದರು ಎಂದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ತಪ್ಪೆಲ್ಲ ಅವರ ಭಾವನದು.

ಭಾವ, ಅಂದರೆ ಮೇಷ್ಟ್ರ ಅಕ್ಕನ ಗಂಡ, ಬಣ್ಣದ ಅಂಗಡಿಯ ಮಾಲೀಕರು. ಜೊತೆಗೆ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರು. ‘ಅಧ್ಯಕ್ಷರೇ’ ಎಂದು ಕರೆಯದಿದ್ದರೆ ಅವರಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ಒಂದು ವರ್ಷ ಪುರಸಭೆಯವರು ಹೊಸದೊಂದು ನಿಯಮ ತಂದರು. ಹುಡುಗಿಯರ ತಂಡವೂ ಇದ್ದರೆ ಮಾತ್ರ ಕ್ಲಬ್ಬಿಗೆ ಮೈದಾನ, ಇಲ್ಲದಿದ್ದರೆ ಇಲ್ಲ. ಭಾವ ಅಂಗಡಿಯನ್ನು ಹುಡುಗರ ಕೈಗೆ ಒಪ್ಪಿಸಿ ನೇರವಾಗಿ ಡ್ರೈವಿಂಗ್ ಶಾಲೆಗೆ ಬಂದರು.

“ನೋಡಯ್ಯಾ, ಅರ್ಜೆಂಟಾಗಿ ಹುಡುಗಿಯರದ್ದೊಂದು ಟೀಮ್ ಆಗಬೇಕು. ನೀನೇ ಕೋಚ್.”

“ನನಗೆ ಆಟವೇ ಬರಲ್ಲವಲ್ಲ ಭಾವ!”

“ಆಟ ಯಾರು ಕೇಳಿದ್ರು? ಒಂದು ಫೋಟೊ ತೆಗೆಸಿ ಪುರಸಭೆಗೆ ಕೊಟ್ರೆ ಮುಗೀತು. ಕೊರಳಿಗೊಂದು ಸೀಟಿ ಹಾಕ್ಕೊಂಡು ಪಕ್ಕದಲ್ಲಿ ನಿಂತ್ಕೋ. ಬೆನ್ನು ನೆಟ್ಟಗಿದೆ, ಹೊಟ್ಟೆ ಇಲ್ಲ. ಕೋಚ್ ಥರಾನೇ ಕಾಣ್ತೀಯ.”

ಮಗಳು, ತಂಗಿಯ ಮಗಳು, ಪಕ್ಕದ ಮನೆಯವರ ಮಕ್ಕಳು ಅಂತ ಹೇಗೋ ಒಂದು ತಂಡದಷ್ಟು ಹುಡುಗಿಯರು ಸೇರಿದರು. ಹಾಕಿಕೊಳ್ಳಲು ಹುಡುಗರ ಹಳೆಯ ಜರ್ಸಿ ಕೊಟ್ಟರು. ಅವು ಮೊಣಕಾಲು ಮುಟ್ಟುತ್ತಿದ್ದವು; ಎಷ್ಟು ತೊಳೆದಿದ್ದರೂ ವಾಸನೆಯಲ್ಲಿ ಹುಡುಗರು ಹಾಗೇ ಉಳಿದಿದ್ದರು. ಫೋಟೊ ಆಯಿತು. ಅಧ್ಯಕ್ಷರು ಸ್ಕೂಟರ್ ಹತ್ತಿ ಹೊರಟರು. ಹುಡುಗಿಯರು ಮಾತ್ರ ಹೊರಡಲಿಲ್ಲ. ದರ್ಜಿಯ ಮಗಳು, ಕಡ್ಡಿಯಂಥ ಹುಡುಗಿ, ಮುಂದೆ ಬಂದು ಕೇಳಿದಳು: “ಚೆಂಡು ಎಲ್ಲಿ ಮೇಷ್ಟ್ರೇ?”

“ಯಾವ ಚೆಂಡು?”

“ಆಡೋದಕ್ಕೆ.”

ಭಾವ ಈ ಪ್ರಶ್ನೆಗೆ ಉತ್ತರ ಹೇಳಿಕೊಟ್ಟು ಹೋಗಿರಲಿಲ್ಲ. ಮೇಷ್ಟ್ರು ತಲೆ ಕೆರೆದುಕೊಂಡರು. ಕ್ಲಬ್ಬಿನ ಚೆಂಡುಗಳು ಕೋಣೆಯಲ್ಲಿದ್ದವು, ಕೋಣೆಯ ಬೀಗದ ಕೈ ಹುಡುಗರ ಕೋಚ್ ಹತ್ತಿರ ಇತ್ತು, ಹುಡುಗರ ಕೋಚ್ ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಆಟಿಕೆ ಅಂಗಡಿಗೆ ಹೋಗಿ ಒಂದು ಚೆಂಡು ತಂದರು. ಹೀಗೆ ಫೋಟೊದಲ್ಲಿ ಮಾತ್ರ ಇರಬೇಕಾಗಿದ್ದ ತಂಡ ಅಂದೇ ಸಂಜೆ ಮೈದಾನದ ಮೂಲೆಯಲ್ಲಿ ಓಡತೊಡಗಿತು.

ಮೇಷ್ಟ್ರು ತಮಗೆ ಬಂದದ್ದನ್ನೇ ಕಲಿಸಿದರು. “ಕನ್ನಡಿ ನೋಡು!” ಎಂದು ಕೂಗಿದರೆ ಹಿಂದೆ ಯಾರೋ ಬರುತ್ತಿದ್ದಾರೆ ಎಂದು ಅರ್ಥ. “ಗೇರ್ ಇಳಿಸು!” ಅಂದರೆ ನಿಧಾನ. “ಸಿಗ್ನಲ್ ಕೊಡದೆ ತಿರುಗಬೇಡ್ವೇ!” ಎನ್ನುವುದು ಪಾಸ್ ಕೊಡುವ ಮುಂಚಿನ ಮಾತು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುತ್ತದಲ್ಲ, ಆ ಅಭ್ಯಾಸದಿಂದ ಯಾವಳಾದರೂ ಜೋರಾಗಿ ಓಡಿದರೆ ಮೇಷ್ಟ್ರ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಅವರು ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಸಣ್ಣ ಗುಂಡಿಯೇ ಬಿತ್ತು. ಎದುರಾಳಿಗಳಿಗೆ ಈ ಭಾಷೆ ಎಳ್ಳಷ್ಟೂ ತಿಳಿಯುತ್ತಿರಲಿಲ್ಲ. ಮೊದಮೊದಲು ಅದರಿಂದ ಲಾಭವೇನೂ ಆಗಲಿಲ್ಲ, ಯಾಕೆಂದರೆ ನಮ್ಮ ಹುಡುಗಿಯರಿಗೂ ತಿಳಿಯುತ್ತಿರಲಿಲ್ಲ. ಚೀಲ ತುಂಬ ಗೋಲು ಹೊಡೆಸಿಕೊಂಡು ಬರುತ್ತಿದ್ದರು.

“ಸೋತ್ರೇನಂತೆ, ಭಾಗವಹಿಸೋದು ಮುಖ್ಯ” ಎಂದು ಅಧ್ಯಕ್ಷರು ಬೆನ್ನು ತಟ್ಟುತ್ತಿದ್ದರು. ಹುಡುಗರು ಸೋತರೆ ಮಾತ್ರ ತುರ್ತು ಸಭೆ ಕರೆಯುತ್ತಿದ್ದರು.

ಬರಬರುತ್ತಾ ಹುಡುಗಿಯರು ಗೆಲ್ಲತೊಡಗಿದರು. ಗೆದ್ದ ಕೂಡಲೇ ಅಪ್ಪಂದಿರು ಹುಟ್ಟಿಕೊಂಡರು. ಮಗಳು ಚಡ್ಡಿ ಹಾಕಿಕೊಂಡು ಆಡಕೂಡದು ಎಂದು ಹಟ ಹಿಡಿದಿದ್ದ ಔಷಧಿ ಅಂಗಡಿಯವರು, ಅವಳು ಒಂದು ಗೋಲು ಹೊಡೆದದ್ದೇ ತಡ, “ನನ್ನ ಮಗಳನ್ನ ಯಾಕ್ರೀ ಹಿಂದೆ ನಿಲ್ಲಿಸ್ತೀರ?” ಎಂದು ಮೇಷ್ಟ್ರ ಮೇಲೆ ಜಗಳಕ್ಕೆ ಬಂದರು. ಗೆರೆಯುದ್ದಕ್ಕೂ ನಿಂತು ಅವರೆಲ್ಲ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸುತ್ತಿದ್ದರು. ಹುಡುಗಿಯರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅದಕ್ಕೇ ಗೆಲ್ಲುತ್ತಿದ್ದರು ಎಂದು ಮೇಷ್ಟ್ರು ಈಗ ಹೇಳುತ್ತಾರೆ.

ಅಮ್ಮಂದಿರು ಬೇಲಿಯ ಪಕ್ಕದ ಬೆಂಚಿನ ಮೇಲೆ ಕೂತು ಮಕ್ಕಳಿಗಾಗಿ ಕಾಯುತ್ತಿದ್ದರು. ಒಂದು ಸಂಜೆ ದಾರಿ ತಪ್ಪಿ ಬಂದ ಚೆಂಡನ್ನು ಬೇಕರಿ ನಡೆಸುವಾಕೆ ಎದ್ದು ಒದ್ದರು. ಚೆಂಡು ಬೇಲಿ ದಾಟಿ ರಸ್ತೆಗೆ ಹೋಯಿತು, ಚಪ್ಪಲಿ ಅದರ ಹಿಂದೆಯೇ ಹೋಯಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ಆಕೆ ಬೂಟು ಹಾಕಿಕೊಂಡು ಬಂದರು. ಆಮೇಲೆ ಬೆಂಚಿನಲ್ಲಿ ಒಂದೊಂದೇ ಜಾಗ ಖಾಲಿಯಾಗುತ್ತಾ ಹೋಯಿತು.

ಅಷ್ಟರಲ್ಲಿ ಮೇಷ್ಟ್ರ ಅಕ್ಕನೂ ಬಂದಳು. ಸಕ್ಕರೆ ಕಾಯಿಲೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು.

“ಏನೋ ತಮ್ಮ, ಈ ಮೈದಾನ ಸುತ್ತೀ ಸುತ್ತೀ ತಲೆ ತಿರುಗುತ್ತೆ ಕಣೋ. ನಿಂತ ಕಡೇನೇ ಆಡೋ ಕೆಲಸ ಏನಾದ್ರೂ ಇದ್ಯಾ?”

“ಗೋಲ್‌ಕೀಪರ್ ಆಗ್ತೀಯಾ ಅಕ್ಕ?”

ಆದಳು. ಮೈ ತುಂಬಿಕೊಂಡ ಹೆಂಗಸು, ಅರ್ಧ ಗೋಲು ಸುಮ್ಮನೆ ನಿಂತರೇ ಮುಚ್ಚಿಹೋಗುತ್ತಿತ್ತು. ಉಳಿದರ್ಧಕ್ಕೆ ಬೀಳುವುದನ್ನು ಕಲಿತಳು. ಮನೆಯಲ್ಲಿ ವಾಕಿಂಗ್ ಎಂದು ಹೇಳಿ ಬರುತ್ತಿದ್ದಳು. ಮೊಣಕೈ ತರಚಿದ್ದು ಹೇಗೆ ಎಂದು ಭಾವ ಕೇಳಲಿಲ್ಲ, ಅವರು ಆಗ ಭಾಷಣ ಬರೆಯುವುದರಲ್ಲಿದ್ದರು.

ಭಾಷಣಕ್ಕೆ ಕಾರಣವಿತ್ತು. ಆ ವರ್ಷ ಹುಡುಗರು ಮೊದಲ ಸುತ್ತಿನಲ್ಲೇ ಮನೆಗೆ ಬಂದಿದ್ದರು, ಹುಡುಗಿಯರು ಜಿಲ್ಲೆಯ ಕಪ್ ಎತ್ತಿಕೊಂಡು ಬಂದಿದ್ದರು. ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ದೊಡ್ಡ ಬ್ಯಾನರ್ ಕಟ್ಟಿದರು. ಅದರಲ್ಲಿ ಅಧ್ಯಕ್ಷರ ಮುಖ ಬಾಗಿಲಿನಷ್ಟು, ಕಪ್ ಗೆದ್ದವರ ಮುಖ ಅಂಗಿಯ ಗುಂಡಿಯಷ್ಟು. ಸಮಿತಿಯವರಿಗೂ ತಾಯಂದಿರಿಗೂ ಒಂದು ಪ್ರದರ್ಶನ ಪಂದ್ಯ ಎಂದು ನಿಗದಿಯಾಯಿತು. ತಾಯಂದಿರ ಗೋಲಿನಲ್ಲಿ ಯಾರು ನಿಲ್ಲುತ್ತಾರೆ ಎಂಬುದು ಆಗ ಭಾವನಿಗೆ ಗೊತ್ತಾಯಿತು.

“ಇದೇನೇ ಇದು? ಮನೆ ಮರ್ಯಾದೆ ಏನಾಗಬೇಕು?”

“ಮಹಿಳೆಯರು ಮೈದಾನಕ್ಕೆ ಬರಬೇಕು ಅಂತ ನೀವೇ ಮೈಕ್ ಹಿಡ್ಕೊಂಡು ಹೇಳಿದ್ರಲ್ಲ?”

“ನಾನು ಹೇಳಿದ್ದು ಮಹಿಳೆಯರಿಗೆ ಕಣೇ. ನಿನಗಲ್ಲ!”

ಅಕ್ಕ ಸೊಪ್ಪು ಬಿಡಿಸುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ. ಭಾವ ಸ್ವಲ್ಪ ಹೊತ್ತು ಕೋಣೆಯೊಳಗೆ ಶತಪಥ ಹಾಕಿ ಕೊನೆಗೆ ರಾಜಿಗೆ ಬಂದರು. “ಸರಿ, ನಿಂತ್ಕೋ. ಆದ್ರೆ ಪೇಪರಿನವರು ಬರ್ತಾರೆ. ನಾನೊಂದು ಪೆನಾಲ್ಟಿ ಹೊಡೀತೀನಿ, ಅದು ಗೋಲಾಗಬೇಕು. ನಾನು ಎಡಕ್ಕೆ ಹೊಡೀತೀನಿ, ನೀನು ಬಲಕ್ಕೆ ಬೀಳು. ತಿಳೀತಾ?”

“ಬಲಕ್ಕೇ ಬೀಳಬೇಕು ಅಲ್ವಾ?”

“ಬಲಕ್ಕೇ!”

ಪಂದ್ಯದ ದಿನ ಯಾರೂ ಬೀಳದಿದ್ದರೂ, ಯಾರೂ ಯಾರನ್ನೂ ಮುಟ್ಟದಿದ್ದರೂ, ರೆಫರಿ ಸೀಟಿ ಊದಿ ಪೆನಾಲ್ಟಿ ಕೊಟ್ಟರು. ಅವರಿಗೆ ಮೊದಲೇ ಹೇಳಿಟ್ಟಿತ್ತು. ಅಧ್ಯಕ್ಷರು ಚೆಂಡಿಟ್ಟರು, ತಲೆ ಬಾಚಿಕೊಂಡರು, ಫೋಟೊದವನು ಮಂಡಿಯೂರುವ ತನಕ ಕಾದರು. ಆಮೇಲೆ ಓಡಿ ಬಂದು ತಮ್ಮ ಎಡಕ್ಕೆ ಒದ್ದರು. ಅಕ್ಕ, ಗಂಡ ಹೇಳಿದ ಹಾಗೆಯೇ, ತನ್ನ ಬಲಕ್ಕೆ ಬಿದ್ದಳು. ಎದುರುಬದುರು ನಿಂತವರಿಗೆ ಅದು ಒಂದೇ ಕಡೆ. ಚೆಂಡು ಧೊಪ್ಪೆಂದು ಅವಳ ಮಡಿಲಿಗೆ ಬಂದು ಸೇರಿತು.

ಮರುಗಳಿಗೆ ಹುಡುಗಿಯರೂ ಅಮ್ಮಂದಿರೂ ಒಟ್ಟಿಗೆ ಎಬ್ಬಿಸಿದ ಕೂಗಿಗೆ ಬ್ಯಾನರೇ ಅಲ್ಲಾಡಿತು. ಪತ್ರಿಕೆಯಲ್ಲಿ ಫೋಟೊ ಬಂತು. ಅಕ್ಕ ಚೆಂಡನ್ನು ತಬ್ಬಿಕೊಂಡು ಮಲಗಿದ್ದಳು. ಅಧ್ಯಕ್ಷರ ಒಂದು ಕಾಲು ಗಾಳಿಯಲ್ಲಿತ್ತು, ಬಾಯಿ ತೆರೆದಿತ್ತು.

“ನಿಜ ಹೇಳಕ್ಕ, ನಿನಗೆ ಮೊದಲೇ ಗೊತ್ತಿತ್ತಾ?” ಎಂದು ಮೇಷ್ಟ್ರು ಕೇಳಿದರು.

“ಗೊತ್ತಿತ್ತು ಕಣೋ. ಅವರಿಗೂ ಹೊಳೆಯುತ್ತೇನೋ ಅಂತ ಕೊನೇವರೆಗೂ ಕಾದೆ. ಹೊಳೀಲಿಲ್ಲ.”

ಹೆಂಡತಿಯನ್ನು ವಜಾ ಮಾಡಲು ಕ್ಲಬ್ಬಿನ ನಿಯಮಾವಳಿಯಲ್ಲಿ ಅವಕಾಶವಿರಲಿಲ್ಲ. ಬಾಮೈದನನ್ನು ಮಾಡಲು ಇತ್ತು. ಹುಡುಗಿಯರಿಗೆ ಇನ್ನು ಮುಂದೆ ವೈಜ್ಞಾನಿಕ ತರಬೇತಿ ಬೇಕು ಎಂದು ಸಭೆಯಲ್ಲಿ ತೀರ್ಮಾನವಾಯಿತು. ಲ್ಯಾಪ್‌ಟಾಪ್ ಇದ್ದ ಒಬ್ಬ ಹೊಸ ಕೋಚ್ ಬಂದರು. ಮೇಷ್ಟ್ರಿಗೆ ಸೇವೆಯ ನೆನಪಿಗೆಂದು ಒಂದು ಗೋಡೆ ಗಡಿಯಾರ ಕೊಟ್ಟರು, ಅದರ ಮೇಲೆ ಬಣ್ಣದ ಅಂಗಡಿಯ ಜಾಹೀರಾತಿತ್ತು.

ಮೇಷ್ಟ್ರು ಮಂಕಾದರು. “ಬರದೇ ಇರೋ ಆಟ ಬಿಟ್ಟಿದ್ದಕ್ಕೆ ಇಷ್ಟು ಸಂಕಟಾನಾ?” ಎಂದು ಹೆಂಡತಿ ಕೇಳಿದರೆ ಎದ್ದು ಕಾರು ಒರೆಸಲು ಹೋಗುತ್ತಿದ್ದರು. ಒಳಗೊಳಗೇ ಒಂದು ಆಸೆ ಇತ್ತು. ಹುಡುಗಿಯರೆಲ್ಲ ಒಟ್ಟಾಗಿ ಮನೆ ಬಾಗಿಲಿಗೆ ಬರುತ್ತಾರೆ, ಮೇಷ್ಟ್ರಿಲ್ಲದೆ ನಾವು ಆಡೋದಿಲ್ಲ ಎನ್ನುತ್ತಾರೆ, ತಾನು ಸ್ವಲ್ಪ ಬಿಗುಮಾನ ಮಾಡಿ ಆಮೇಲೆ ಒಪ್ಪಿಕೊಳ್ಳಬೇಕು ಎಂದು. ಯಾರೂ ಬರಲಿಲ್ಲ. ಕೊನೆಗೊಂದು ದಿನ ದರ್ಜಿಯ ಮಗಳು ಬಂದಳು. ಈಗ ಅವಳು ತಂಡದ ನಾಯಕಿ. ಬಂದದ್ದು ಕಾರು ಕಲಿಯಲು.

ಅವಳಾಗಿಯೇ ಮಾತು ತೆಗೆಯಲಿ ಎಂದು ಮೇಷ್ಟ್ರು ಊರೆಲ್ಲ ಸುತ್ತಿಸಿದರು. ಅವಳು ರಸ್ತೆ ಬಿಟ್ಟು ಬೇರೇನನ್ನೂ ನೋಡಲಿಲ್ಲ. ತಡೆಯಲಾರದೆ ಅವರೇ ಕೇಳಿದರು.

“ಹೊಸ ಕೋಚ್ ಹೇಗಿದಾರಮ್ಮ?”

“ಬಿಟ್ಟು ಹೋದ್ರಲ್ಲ ಮೇಷ್ಟ್ರೇ! ಅವರು ಲ್ಯಾಪ್‌ಟಾಪಲ್ಲಿ ಬಾಣ ಎಳೆದು ಮುಗಿಸೋ ಹೊತ್ತಿಗೆ ನಾವು ಆ ಕಡೆ ಅಮ್ಮಂದಿರ ಜೊತೆ ಆಡ್ತಾ ಇರ್ತಿದ್ವಿ. ಈಗ ಚಿಕ್ಕವರಿಗೆ ನಾನೇ ಹೇಳಿಕೊಡ್ತೀನಿ.”

ಮೇಷ್ಟ್ರ ಎದೆ ಅರಳಿತು. “ಹಾಗಾದ್ರೆ ನಾನು...”

“ನೀವು ಬನ್ನಿ ಮೇಷ್ಟ್ರೇ, ಬರದೇ ಇರಬೇಡಿ. ಆದ್ರೆ...” ಅವಳು ಸಂಕೋಚದಿಂದ ಗೇರ್ ಬದಲಿಸಿದಳು. “ಸುಮ್ನೆ ಕೂತು ನೋಡಿ. ಕೂಗಬೇಡಿ. ಚಿಕ್ಕವರು ಗಾಬರಿ ಆಗ್ತಾರೆ.”

“ಮುಂದೆ ನೋಡ್ಕೊಂಡು ಓಡಿಸು” ಎಂದರು ಮೇಷ್ಟ್ರು. ಆದರೂ ಮುಂದಿನ ಪಂದ್ಯಕ್ಕೆ ಎಲ್ಲರಿಗಿಂತ ಮೊದಲೇ ಹೋಗಿ ಕೂತರು.

ಈಗ ಯಾರಾದರೂ ಆ ದಿನಗಳ ಬಗ್ಗೆ ಕೇಳಿದರೆ ಅವರು ಹೇಳುವುದು ಇಷ್ಟು: “ನಾನು ಕಲಿಸಿದೆ ಅಂತ ಜನ ಅಂತಾರೆ. ಏನೂ ಇಲ್ಲರೀ. ಗೇಟು ತೆಗೆದು ಹಿಡ್ಕೊಂಡಿದ್ದೆ, ಅವರು ಒಳಗೆ ಬಂದ್ರು. ಗೇಟು ತೆಗೆಯೋಕೆ ಒಬ್ಬ ಕೋಚ್, ಒಬ್ಬ ಅಧ್ಯಕ್ಷ, ಒಂದು ಪುರಸಭೆ ಇಷ್ಟೆಲ್ಲ ಯಾಕೆ ಬೇಕಾಯ್ತು ಅನ್ನೋದೇ ನನಗೆ ಅರ್ಥವಾಗಲ್ಲ.”

ಭಾವ ಈಗಲೂ ಅಧ್ಯಕ್ಷರೇ. ಅಕ್ಕ ಉಪಾಧ್ಯಕ್ಷೆಯಾಗಿದ್ದಾಳೆ, ಚೆಂಡಿನ ಕೋಣೆಯ ಬೀಗದ ಕೈ ಅವಳ ಹತ್ತಿರ ಇದೆ. ಮೊನ್ನೆ ಪಂದ್ಯ ನಡೆಯುವಾಗ ಭಾವ ಮೆಲ್ಲಗೆ ಬಂದು ಮೇಷ್ಟ್ರ ಪಕ್ಕ ಕೂತರು. ಆ ಕಡೆ ಈ ಕಡೆ ನೋಡಿ ಕಿವಿಯ ಹತ್ತಿರ ಬಾಗಿದರು.

“ಅಲ್ಲಯ್ಯಾ, ಈ ಆಫ್‌ಸೈಡು ಅಂತಾರಲ್ಲ, ಹಾಗಂದ್ರೆ ಏನು?”

ಮೇಷ್ಟ್ರು ಬಾಯಿ ತೆರೆದರು, ಸ್ವಲ್ಪ ಯೋಚಿಸಿ ಮುಚ್ಚಿದರು. ಆಮೇಲೆ ಇಬ್ಬರೂ ಮುಂದಿನ ಬೆಂಚಿನಲ್ಲಿದ್ದ ಬೇಕರಿಯಾಕೆಯನ್ನು ಕೇಳಿದರು. ಆಕೆ ಮೈದಾನದಿಂದ ಕಣ್ಣು ತೆಗೆಯದೆಯೇ, “ಆಟ ಮುಗೀಲಿ ತಡೀರಿ, ಹೇಳ್ತೀನಿ” ಎಂದರು.